ರೇಡಿಯೋದಲ್ಲಿ ಆಡಿದ ಮಾತು

ನವೆಂಬರ್ ನಡುವಿನ ಆ ಮಂಗಳವಾರ ಬೆಳಗ್ಗೆ ಈರಿ ಸರೋವರದಿಂದ ಎದ್ದ ಹಿಮದ ಮೋಡ ಊರಿನ ಮೇಲೆ ಒಂದು ಪಟ್ಟಿಯ ಹಾಗೆ ಬಂದು ಕೂತಿತ್ತು. ಪಟ್ಟಿಯ ಆಚೆ, ಉತ್ತರದ ಬಡಾವಣೆಗಳಲ್ಲಿ, ನೀಲಿ ಆಕಾಶ, ಒಣ ರಸ್ತೆ. ಈಚೆ ಕ್ಲಿಂಟನ್ ಬೀದಿಯಲ್ಲಿ ಮೊಣಕಾಲುದ್ದ ಬಿಳುಪು; ಯಾರ ಕಾರು ಯಾವುದೆಂದು ಗುರುತು ಹತ್ತುವಂತಿರಲಿಲ್ಲ. ದೇವರು ಎಲ್ಲಿ ಸುರಿಸಬೇಕೆಂದಿದ್ದಾನೋ ಅಲ್ಲಿ ಸುರಿಸುತ್ತಾನೆ, ಕೇಳೋಕೆ ನಾವು ಯಾರು ಎಂದುಕೊಳ್ಳುತ್ತ ರೆನಾಟಾ ಒಲೆ ಹಚ್ಚಿದಳು. ಅವಳ ಗಂಡ ಆರ್ನಿ ನಗರಸಭೆಯ ಹಿಮ ತೆಗೆಯುವ ಲಾರಿ ಓಡಿಸುವವನು. ಅವನು ಮನೆ ಬಿಟ್ಟು ಆಗಲೇ ನಾಲ್ಕು ತಾಸಾಗಿತ್ತು.

ಅವಳ ಅಪ್ಪ ಬ್ರೂನೋ ಡುಡೆಕ್ ಅಡುಗೆಮನೆಯ ಗೋಡೆಗೆ ಒರಗಿ, ಸುರುಳಿ ತಂತಿಯ ಹಳೆಯ ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಿದ್ದ. ಎಪ್ಪತ್ತೊಂಬತ್ತು ವರ್ಷ. ಅವನು ದುಡಿದ ಉಕ್ಕಿನ ಕಾರ್ಖಾನೆ ಮುಚ್ಚಿ ಬಹುಕಾಲವಾಗಿದ್ದರೂ ಕುಲುಮೆಯ ಸದ್ದಿನ ಮೇಲೆ ಕೂಗಿ ಮಾತಾಡುವ ರೂಢಿ ಅವನನ್ನು ಬಿಟ್ಟಿರಲಿಲ್ಲ. ವಾರಕ್ಕೆ ಐದು ದಿನ, ಬೆಳಗಿನ ಏಳರಿಂದ ಒಂಬತ್ತರವರೆಗೆ, ಊರಿನ ತಂಡಗಳ ಬಗ್ಗೆಯೇ ಮಾತಾಡುವ ರೇಡಿಯೋ ಕಾರ್ಯಕ್ರಮವೊಂದಿತ್ತು. ಯಾರು ಬೇಕಾದರೂ ಫೋನ್ ಮಾಡಿ ತಮ್ಮ ಅಭಿಪ್ರಾಯ ಹೇಳಬಹುದು. ಬ್ರೂನೋ ಇಪ್ಪತ್ತೆರಡು ವರ್ಷದಿಂದ ಹೇಳುತ್ತ ಬಂದಿದ್ದ. ಚರ್ಚಿನಲ್ಲಿ, ಕ್ಷೌರದಂಗಡಿಯಲ್ಲಿ, ಔಷಧಿ ಅಂಗಡಿಯ ಸಾಲಿನಲ್ಲಿ ಜನ ಅವನ ಮುಖ ನೋಡಿ ಅಲ್ಲ, ದನಿ ಕೇಳಿ ತಿರುಗುತ್ತಿದ್ದರು.

"ರೇಡಿಯೋ ಸಣ್ಣ ಮಾಡು ರೆನಿ. ನನ್ನ ಸರದಿ ಬಂತು."

ರೆನಾಟಾ ಫ್ರಿಜ್ಜಿನ ಮೇಲಿದ್ದ ರೇಡಿಯೋದ ಕಿವಿ ತಿರುಗಿಸಿದಳು.

"ಕ್ಲಿಂಟನ್ ಬೀದಿಯ ಬ್ರೂನೋ ಮಾತಾಡ್ತಾ ಇದೀನಿ! ಏನ್ ಸ್ಕಿಪ್, ಭಾನುವಾರ ನೋಡಿದೆಯಾ ನಮ್ಮ ಫುಟ್‌ಬಾಲ್ ತಂಡದ ಅವತಾರಾನ? ಮೂವತ್ತು ಗಜದಿಂದ ಚೆಂಡು ಒದೆಯೋಕೆ ಬರದವನಿಗೆ ಎರಡು ಕಾಲು ಯಾಕಯ್ಯಾ? ಒಂದನ್ನ ಮಾಲೀಕ ತನ್ನ ಆಫೀಸಿನ ಗೋಡೆಗೆ ನೇತುಹಾಕ್ಕೊಳ್ಳಲಿ. ಹೋಗ್ಲಿ ಬಿಡು, ಅವರು ದುಡ್ಡಿಗೆ ಹುಟ್ಟಿದವರು. ನಾನು ಫೋನ್ ಮಾಡಿದ್ದು ಸೇಂಟ್ ಫ್ಲೋರಿಯನ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ವಿಷಯಕ್ಕೆ. ಆ ಸೋಫಾ ಇದಾನಲ್ಲ..."

ಆ ಕಡೆ ಕಾರ್ಯಕ್ರಮ ನಡೆಸುವ ಸ್ಕಿಪ್ ಕಿಸಕ್ಕನೆ ನಕ್ಕದ್ದು ಫೋನಿನಿಂದ ರೆನಾಟಾಳಿಗೂ ಕೇಳಿಸಿತು.

ಸೋಫಾ ಅಂದರೆ ಅಮೋಸ್ ಗ್ಯಾಡ್ಸ್‌ಡೆನ್. ಆರೂಮುಕ್ಕಾಲು ಅಡಿಯ ಹುಡುಗ, ಇದೇ ಊರಿನ ಪೂರ್ವದ ಬಡಾವಣೆಯವನು. ಮೂರು ವರ್ಷದ ಹಿಂದೆ ಅವನ ಮೊದಲ ಪಂದ್ಯದ ಮರುದಿನ, "ಬುಟ್ಟಿಯ ಕೆಳಗೆ ಯಾರೋ ಸೋಫಾ ತಂದಿಟ್ಟು ಮರೆತು ಹೋದ ಹಾಗಿದಾನೆ, ಹಾರೋದಿಲ್ಲ, ಅಲ್ಲಾಡೋದಿಲ್ಲ" ಅಂತ ಬ್ರೂನೋ ಅಂದದ್ದೇ ಅಂದದ್ದು, ಆ ಹೆಸರು ಊರಿಗೆಲ್ಲ ಅಂಟಿತು. ಎದುರಾಳಿ ಕಾಲೇಜಿನವರು ರಟ್ಟಿನ ಮೇಲೆ ಸೋಫಾ ಬರೆದು ತರುತ್ತಿದ್ದರು. ನಮ್ಮವರೇ ಅವನು ಚೆಂಡು ಬಿಟ್ಟಾಗ "ಏಳೋ ಸೋಫಾ, ಏಳೋ!" ಎಂದು ಸಭಾಂಗಣ ನಡುಗುವ ಹಾಗೆ ಕೂಗುತ್ತಿದ್ದರು.

"...ಶನಿವಾರ ನಲವತ್ತು ನಿಮಿಷದಲ್ಲಿ ಎಷ್ಟು ಸಲ ನೆಲ ಬಿಟ್ಟ ಹೇಳು ನೋಡೋಣ? ಅವನ ಬೂಟಿನಡಿಗೆ ಹುಲ್ಲು ಬೆಳೆದಿದೆ ಸ್ಕಿಪ್! ಮೈಗಳ್ಳ. ಶುದ್ಧ ಮೈಗಳ್ಳ."

ಟೆಸ್ಸಾ ಮಹಡಿಯಿಂದ ಇಳಿದು ಬಂದಳು. ರೆನಾಟಾಳ ಒಬ್ಬಳೇ ಮಗಳು, ಇಪ್ಪತ್ತೊಂದು ವರ್ಷ. ಕೈಯಲ್ಲಿ ಬೂಟು, ಭುಜದ ಮೇಲೆ ಸೇಂಟ್ ಫ್ಲೋರಿಯನ್ ಕಾಲೇಜಿನ ಹಸಿರು ಕೋಟು. ಬ್ರೂನೋ ಫೋನ್ ಇಡುವ ತನಕ ಕಾದಳು.

"ಮುಗೀತಾ ಜಾಜಾ?" ಅವರ ಮನೆಗಳಲ್ಲಿ ತಾತನನ್ನು ಕರೆಯುವುದೇ ಹಾಗೆ. "ಇವತ್ತಿನ ಬೈಗುಳದ ಪೂಜೆ ಆಯ್ತಾ? ಇನ್ನು ಮೊಟ್ಟೆ ತಿನ್ನಬಹುದಾ?"

"ಪೂಜೆ ಅಲ್ಲ, ಅಭಿಪ್ರಾಯ. ಈ ದೇಶದಲ್ಲಿ ಇನ್ನೂ ಅದಕ್ಕೆ ತೆರಿಗೆ ಹಾಕಿಲ್ಲ."

"ಅಮೋಸ್‌ಗೆ ಇಪ್ಪತ್ತೊಂದು ವರ್ಷ. ನನ್ನ ವಯಸ್ಸು. ನಿನ್ನ ಬಾಯಿಗೆ ಅವನೇ ಬೇಕಾ?"

"ಆಟದ ಲೆಕ್ಕದಲ್ಲಿ ಪುಕ್ಕಟೆ ಓದ್ತಾ ಇದಾನಲ್ಲ? ಹಾರಲಿ. ನಿಮ್ಮಪ್ಪನ್ನ ನೋಡು. ಹಿಮ ಬಿದ್ದರೆ ಎದ್ದು ಹೋಗ್ತಾನೆ. ಕಾಲು ನೋವು ಅಂತಾನಾ?"

ಟೆಸ್ಸಾ ಏನೋ ಹೇಳಲು ಹೋಗಿ ತುಟಿ ಕಚ್ಚಿಕೊಂಡಳು. ಅದನ್ನು ರೆನಾಟಾ ಕಂಡಳು. ಮೊಟ್ಟೆಯನ್ನು ಬ್ರೆಡ್ಡಿನ ನಡುವೆ ಇಟ್ಟು ಕಾಗದದಲ್ಲಿ ಸುತ್ತಿ ಮಗಳ ಕೋಟಿನ ಜೇಬಿಗೆ ತುರುಕಿದಳು. "ಹೊರಡು, ಬಸ್ಸು ಈ ಹಿಮದಲ್ಲಿ ನಿನಗೋಸ್ಕರ ನಿಲ್ಲೋದಿಲ್ಲ."

ಟೆಸ್ಸಾ ಓದುತ್ತಿದ್ದದ್ದು ಆಟಗಾರರ ಮೈ ನೋಡಿಕೊಳ್ಳುವ ವಿದ್ಯೆ. ಕೊನೆಯ ವರ್ಷ. ದಿನಕ್ಕೆ ಐದು ಗಂಟೆ ಬ್ಯಾಸ್ಕೆಟ್‌ಬಾಲ್ ತಂಡದ ಆರೈಕೆ ಕೋಣೆಯಲ್ಲಿ ಕೆಲಸ: ಕಣಕಾಲಿಗೆ ಪಟ್ಟಿ ಸುತ್ತುವುದು, ಐಸು ಕಟ್ಟುವುದು, ಬೆನ್ನು ತಿಕ್ಕುವುದು. ಆ ತಾಸುಗಳು ಪೂರ್ತಿಯಾದರೆ ಮೇ ತಿಂಗಳಲ್ಲಿ ಪದವಿ. ಪದವಿಯಾದ ವಾರಕ್ಕೇ ನಗರದ ಫುಟ್‌ಬಾಲ್ ತಂಡದ ಆರೈಕೆ ಕೋಣೆಯಲ್ಲಿ ಜಾಗ ಎಂದು ಕಾಗದ ಬಂದಿತ್ತು. ಕ್ಲಿಂಟನ್ ಬೀದಿಯಿಂದ ಆ ಬಾಗಿಲೊಳಗೆ ಹೋಗುವ ಮೊದಲಿಗಳು ಅವಳೇ. ಆ ಕಾಗದವನ್ನು ಬ್ರೂನೋ ಚರ್ಚಿನ ಮೆಟ್ಟಿಲ ಮೇಲೆ ಎಷ್ಟು ಜನಕ್ಕೆ ತೋರಿಸಿದನೆಂದರೆ ಅದರ ಮಡಿಕೆ ಹರಿದು, ರೆನಾಟಾ ಹಿಂದಿನಿಂದ ಟೇಪು ಅಂಟಿಸಬೇಕಾಯಿತು.

ಆರೈಕೆ ಕೋಣೆಗೆ ಒಂದೇ ಕಟ್ಟಳೆ. ಅಲ್ಲಿ ಕಂಡದ್ದು, ಕೇಳಿದ್ದು ಹೊಸ್ತಿಲು ದಾಟಬಾರದು. ಪಾದ್ರಿಯ ಮುಂದೆ ಪಾಪ ಹೇಳಿಕೊಂಡ ಹಾಗೆ. ಮೂರು ವರ್ಷ ಟೆಸ್ಸಾ ಊಟದ ಮೇಜಿನಲ್ಲಿ ಒಂದು ಅಕ್ಷರ ಆಡಿರಲಿಲ್ಲ. ಕಾಲೇಜಿನಲ್ಲೂ ರೇಡಿಯೋದ ಬ್ರೂನೋ ತನ್ನ ತಾತ ಎಂದು ಬಾಯಿಬಿಟ್ಟಿರಲಿಲ್ಲ. ಅಪ್ಪನ ಮನೆತನದ ಹೆಸರು ಬೇರೆ ಇದ್ದದ್ದು ಅನುಕೂಲವಾಗಿತ್ತು.

ಮಾತು ಹೊರಬಿದ್ದದ್ದು ಆ ಭಾನುವಾರ.

ಚರ್ಚಿನ ಪೂಜೆ ಮುಗಿಸಿ ಬಂದು ರೆನಾಟಾ ಹಂದಿ ಮಾಂಸ ಬೇಯಿಸಿದ್ದಳು. ಹುಳಿ ಎಲೆಕೋಸು, ಆಲೂಗಡ್ಡೆ ತುಂಬಿ ಬೆಣ್ಣೆಯಲ್ಲಿ ಹುರಿದ ಪಿರೋಗಿ ಕಡುಬು. ಟಿವಿಯಲ್ಲಿ ನಗರದ ಫುಟ್‌ಬಾಲ್ ತಂಡ ಸೋಲುತ್ತಿತ್ತು. ಬ್ರೂನೋ ಒಂದು ಪಿರೋಗಿ ನುಂಗುವುದು, ಒಬ್ಬನನ್ನು ಬೈಯುವುದು.

"ಮಾವ, ಸ್ವಲ್ಪ ಉಸಿರು ತಗೊಳ್ಳಿ," ಎಂದ ಆರ್ನಿ. ಅವನು ಮೂರು ದಿನ ನಿದ್ದೆಗೆಟ್ಟಿದ್ದ. "ಟಿವಿಯವರಿಗೆ ನೀವು ಹೇಳೋದು ಕೇಳಿಸಲ್ಲ."

"ಕೇಳಿಸಿದ್ದರೆ ಗೆಲ್ತಿದ್ರು! ಇವರು ಹೋಗಲಿ, ದುಡ್ಡು ತಗೊಂಡು ಸೋಲ್ತಾರೆ. ಆ ಸೋಫಾ ಪುಕ್ಕಟೆ ಸೋಲ್ತಾನೆ. ನಿನ್ನೆ ನೋಡಿದ್ಯಾ? ಚೆಂಡು ತಲೆ ಮೇಲೆ ಹೋಗ್ತಿದ್ರೆ ಆಕಾಶ ನೋಡ್ತಾ ನಿಂತಿದ್ದ. ಅವನಿಗೆ ಒಂದು ದಿಂಬು ಕೊಡಿ ಯಾರಾದ್ರೂ."

"ಜಾಜಾ, ಸಾಕು."

"ಅವರಜ್ಜಿ ಚೆನ್ನಾಗಿ ತಿನ್ನಿಸಿ ಬೆಳೆಸಿದಾಳೆ, ಅಷ್ಟೇ. ನಾಚಿಕೆ ಇಲ್ಲದ..."

ಟೆಸ್ಸಾ ಫೋರ್ಕನ್ನು ತಟ್ಟೆಗೆ ಹೊಡೆದಳು. "ಎರಡು ವಾರದಲ್ಲಿ ಮೂರು ಸಲ ಅವನ ಎಡಮಂಡಿಗೆ ಸೂಜಿ ಚುಚ್ಚಿ ನೀರು ತೆಗೆದಿದಾರೆ! ನಾನು ಬಟ್ಟಲು ಹಿಡಿದು ನಿಂತಿದ್ದೆ. ಹಲ್ಲು ಕಚ್ಚಿ ಎದ್ದು, ಪಟ್ಟಿ ಬಿಗಿಯಾಗಿ ಕಟ್ಟು ಅಂತ ನನಗೇ ಹೇಳಿ ಆಡೋಕೆ ಹೋಗ್ತಾನೆ. ಯಾಕೆ ಗೊತ್ತಾ? ಕೂತರೆ ಊರು ಸೋಫಾ ಅನ್ನುತ್ತೆ ಅಂತ! ಈಗ ಮುಚ್ಚು ಬಾಯಿ."

ಟಿವಿಯಲ್ಲಿ ಯಾರೋ ಜಯಘೋಷ ಮಾಡಿದರು. ಟೆಸ್ಸಾಳ ಮುಖ ಬಿಳಿಚಿತು.

"ನಾನು ಏನೂ ಹೇಳಿಲ್ಲ," ಎಂದಳು ಮೆಲ್ಲಗೆ. "ಯಾರೂ ಏನೂ ಕೇಳಿಲ್ಲ. ಜಾಜಾ, ಮಾತು ಕೊಡು."

"ನಾನೇನು ಸಣ್ಣ ಮಗುವಾ?" ಎಂದ ಬ್ರೂನೋ, ಎಲೆಕೋಸು ಬಡಿಸಿಕೊಳ್ಳುತ್ತ.

ಮಾತು ಕೊಡಲಿಲ್ಲ ಎಂಬುದು ರೆನಾಟಾಳಿಗೆ ಹೊಳೆದದ್ದು ಮಂಗಳವಾರ.

ಸೋಮವಾರ ವೆಸ್ಟ್ ಸೈಡ್ ಬಡಾವಣೆಯಲ್ಲಿ ಬೇಕರಿ ಇಟ್ಟಿದ್ದ ಡಾಮ್ ಎಂಬ ಮುದುಕ ಅದೇ ಕಾರ್ಯಕ್ರಮಕ್ಕೆ ಫೋನ್ ಮಾಡಿ, "ಬ್ರೂನೋ ಸಭಾಂಗಣಕ್ಕೆ ಕಾಲಿಟ್ಟು ಹತ್ತು ವರ್ಷ ಆಯ್ತು, ಅವನು ಅಡುಗೆಮನೆಯ ಪಂಡಿತ, ಅವನ ಮಾತು ಕೇಳೋದೂ ಒಂದೇ, ನನ್ನ ಬೆಕ್ಕಿನ ಮಾತು ಕೇಳೋದೂ ಒಂದೇ" ಎಂದಿದ್ದ. ಇಬ್ಬರೂ ಇಪ್ಪತ್ತು ವರ್ಷದಿಂದ ಹೀಗೇ ಗಾಳಿಯಲ್ಲಿ ಜಗಳವಾಡುವವರು; ಎದುರೆದುರು ಕೂತು ಒಂದು ಲೋಟ ಬಿಯರ್ ಕುಡಿದವರಲ್ಲ. ಮರುದಿನ ಬೆಳಗ್ಗೆ ರೆನಾಟಾ ತಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಲ್ಲಿ ಹುರುಳಿಕಾಯಿಯ ಡಬ್ಬ ತೆರೆಯುತ್ತಿದ್ದಾಗ ಅಲ್ಲಿನ ರೇಡಿಯೋದಲ್ಲಿ ಅಪ್ಪನ ದನಿ ಗುಡುಗಿತು.

"ಅಡುಗೆಮನೆಯ ಪಂಡಿತನಂತೆ! ಹೌದು ಕಣೋ ಡಾಮ್, ನನ್ನ ಅಡುಗೆಮನೆಗೆ ಬರೋ ಸುದ್ದಿ ನಿನ್ನ ಕಾಲೇಜಿನ ಅಧ್ಯಕ್ಷನಿಗೂ ಬರಲ್ಲ. ಕೇಳು. ಆ ಸೋಫಾನ ಎಡಮಂಡಿ ಹೋಗಿದೆ. ಎರಡು ವಾರದಲ್ಲಿ ಮೂರು ಸಲ ಸೂಜಿ ಹಾಕಿ ನೀರು ತೆಗೆದಿದಾರೆ. ಅಂಥವನನ್ನ ಆಡಿಸೋ ಕೋಚು ಕೋಚಲ್ಲ, ಕಟುಕ! ಇದು ಒಳಗಿನವರೇ ಹೇಳಿದ್ದು."

"ನಿಮ್ಮಪ್ಪ ಇವತ್ತು ಜೋರಾಗಿದಾರೆ," ಎಂದಳು ಪಕ್ಕದ ಒಲೆಯ ಹೆಂಗಸು.

ರೆನಾಟಾ ಡಬ್ಬ ತೆರೆಯುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತಾರು ಡಬ್ಬ ಇದ್ದವು, ಮಕ್ಕಳು ಹನ್ನೊಂದಕ್ಕೆ ಬರುತ್ತವೆ. ಸಂಜೆ ಮನೆಗೆ ಬಂದವಳೇ ಕೋಟು ಕೂಡ ಬಿಚ್ಚದೆ ಅಪ್ಪನ ಮುಂದೆ ನಿಂತಳು.

"ಏನು ಮಾಡಿದೆ ಅಪ್ಪ ನೀನು?"

"ಹುಡುಗನ ಪರ ಮಾತಾಡಿದೆ! ನೀವೇ ತಾನೇ ಬೈಬೇಡ ಅಂತಿದ್ದಿದ್ದು? ಬೈದದ್ದು ಕೋಚನ್ನ."

"ಆ ವಿಷಯ ಎಲ್ಲಿಂದ ಬಂತು ಅಂತ ಅವರು ಹುಡುಕಲ್ವಾ?"

"ನಾನು ಹೆಸರು ಹೇಳಿದ್ನಾ? ಹೇಳು, ಹೇಳಿದ್ನಾ?"

ಶನಿವಾರದ ಪಂದ್ಯವನ್ನು ಮನೆಯವರೆಲ್ಲ ರೇಡಿಯೋದಲ್ಲೇ ಕೇಳಿದರು. ರೆನಾಟಾ ಇಸ್ತ್ರಿ ಹಾಕುತ್ತಿದ್ದಳು, ಆರ್ನಿ ಬೂಟಿಗೆ ಎಣ್ಣೆ ಬಳಿಯುತ್ತಿದ್ದ. ಎದುರಾಳಿಗಳು ಮೊದಲ ನಿಮಿಷದಿಂದಲೇ ಅಮೋಸ್‌ನ ಎಡಗಾಲಿಗೇ ಒತ್ತಿ ಒತ್ತಿ ಆಡುತ್ತಿದ್ದಾರೆ ಎಂದು ವೀಕ್ಷಕ ವಿವರಣೆಯವನು ಎರಡು ಸಲ ಹೇಳಿದ. ದ್ವಿತೀಯಾರ್ಧದ ನಾಲ್ಕನೆಯ ನಿಮಿಷಕ್ಕೆ ಅಮೋಸ್ ಬಿದ್ದ. ಆ ವಿವರಣೆಯವನ ದನಿ ಇಳಿಯಿತು. ಹುಡುಗ ಏಳುತ್ತಿಲ್ಲ ಎಂದ. ಆರೈಕೆಯವರು ಓಡಿದ್ದಾರೆ ಎಂದ. ಅವರಲ್ಲಿ ಟೆಸ್ಸಾ ಇದ್ದಾಳೆಂದು ಮನೆಯಲ್ಲಿ ಯಾರೂ ಹೇಳಬೇಕಾಗಿರಲಿಲ್ಲ.

"ನಾನು ಹೇಳಿರ್ಲಿಲ್ವಾ?" ಎಂದ ಬ್ರೂನೋ. "ಆಡಿಸಬಾರದಿತ್ತು ಅಂತ?"

ಆರ್ನಿ ಎದ್ದು ರೇಡಿಯೋ ಆರಿಸಿದ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಮಾವನ ರೇಡಿಯೋವನ್ನು ಅವನು ಮುಟ್ಟಿದ್ದು ಅದೇ ಮೊದಲು.

ಸೋಮವಾರ ಟೆಸ್ಸಾ ಮಧ್ಯಾಹ್ನಕ್ಕೇ ಮನೆಗೆ ಬಂದಳು. ರಜೆ ಹಾಕಿ ಮನೆಯಲ್ಲಿದ್ದ ರೆನಾಟಾ ಸೂಪಿಗೆ ಗಜ್ಜರಿ ಹೆಚ್ಚುತ್ತಿದ್ದಳು. ಟೆಸ್ಸಾ ಕುರ್ಚಿಯ ತುದಿಯಲ್ಲಿ ಕೂತು, ಬೇರೆಯವರ ಸುದ್ದಿ ಹೇಳುವ ಹಾಗೆ ಹೇಳಿದಳು. ಆರೈಕೆ ಕೋಣೆಯ ಮುಖ್ಯಸ್ಥೆ ಮಿಸ್ ಹ್ಯಾಲೊರನ್ ಅಲ್ಲಿನ ನಾಲ್ವರು ವಿದ್ಯಾರ್ಥಿಗಳನ್ನೂ ನಿಲ್ಲಿಸಿ, ಮಾತು ಹೊರಗೆ ಹಾಕಿದ್ದು ಯಾರೆಂದು ಕೇಳಿದಳಂತೆ. ಪಕ್ಕದಲ್ಲಿದ್ದ ಹುಡುಗಿ ಅಳತೊಡಗಿದಳಂತೆ, ತನ್ನ ಮೇಲೆ ಬಂದೀತೆಂದು. "ಅದಕ್ಕೆ ನಾನೇ ಕೈ ಎತ್ತಿದೆ. ರೇಡಿಯೋದ ಬ್ರೂನೋ ನಮ್ಮ ತಾತ ಅಂದೆ. ಡಿಸೆಂಬರ್ ಹದಿನೆಂಟನೇ ತಾರೀಕು ಮೂರು ಜನರ ಸಮಿತಿ ಕೂರುತ್ತೆ. ಅಲ್ಲಿವರೆಗೆ ಕೋಣೆಗೆ ಹೋಗೋ ಹಾಗಿಲ್ಲ."

"ಅಮೋಸ್?"

"ಮಂಡಿಯೊಳಗಿನ ನಾರು ಹರಿದಿದೆ. ಶಸ್ತ್ರಚಿಕಿತ್ಸೆ. ಈ ವರ್ಷ ಮುಗೀತು."

ಬ್ರೂನೋ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. "ಆ ಸಮಿತಿಗೆ ನಾನು ಬರ್ತೀನಿ. ಆ ಕಟುಕ ಕೋಚನ್ನ ಬಿಟ್ಟು ನನ್ನ ಮೊಮ್ಮಗಳನ್ನ ಹಿಡಿಯೋಕೆ ಇವರ್ಯಾರು? ನಾನು ಮಾತಾಡ್ತೀನಿ."

"ದಯವಿಟ್ಟು," ಎಂದಳು ಟೆಸ್ಸಾ, ಅವನ ಕಡೆ ತಿರುಗದೆ, "ನೀವು ಮಾತಾಡಬೇಡಿ."

ಹುಟ್ಟಿದಾಗಿನಿಂದ ಅವಳು ತಾತನಿಗೆ ನೀನು ಅಂದವಳು. ಆ ದಿನದಿಂದ ನೀವು ಆಯಿತು. ಬ್ರೂನೋ ಸೂಪು ಕುಡಿಯಲಿಲ್ಲ.

ಕ್ರಿಸ್‌ಮಸ್ಸಿಗೆ ಸಿದ್ಧವಾಗುವ ನಾಲ್ಕು ವಾರದ ಅಡ್ವೆಂಟ್ ಕಾಲದ ಮೊದಲ ವಾರ ರೆನಾಟಾ ಒಂದು ಸಂಜೆ ಕೆಲಸ ಮುಗಿಸಿ ಎರಡು ಬಸ್ಸು ಬದಲಿಸಿ ಅಮೋಸ್‌ನ ಮನೆಗೆ ಹೋದಳು. ಸಮಿತಿಯವರು ಅಮೋಸ್‌ನ ಅಭಿಪ್ರಾಯ ಕೇಳುತ್ತಾರೆ, ಅವನು ಕ್ಷಮಿಸಿದ್ದೇನೆಂದು ನಾಲ್ಕು ಸಾಲು ಬರೆದರೆ ಟೆಸ್ಸಾ ಉಳಿಯಬಹುದು ಎಂದು ಯಾರೋ ಹೇಳಿದ್ದರು. ಬಾಗಿಲು ತೆರೆದವಳು ಅವನ ಅಜ್ಜಿ ಓಪಲ್ ಗ್ಯಾಡ್ಸ್‌ಡೆನ್. ಮೂವತ್ತು ವರ್ಷ ಊರಿನ ಬಸ್ಸು ಓಡಿಸಿ ನಿವೃತ್ತಳಾದವಳು. ಎತ್ತರದ ನಿಲುವು, ಕೊರಳಲ್ಲಿ ಸರಕ್ಕೆ ಸಿಕ್ಕಿಸಿದ ಕನ್ನಡಕ. ರೆನಾಟಾ ಹೆಸರು ಹೇಳಿದ ಮೇಲೆ ಅವಳು ಬಾಗಿಲನ್ನು ತನ್ನ ಬೆನ್ನ ಹಿಂದೆ ಎಳೆದುಕೊಂಡು ಜಗಲಿಗೇ ಬಂದು ನಿಂತಳು.

"ಆ ಮನುಷ್ಯನ ಮಗಳಾ ನೀವು?"

"ಹೌದು."

"ಒಳಗೆ ಕರೆಯಲ್ಲ. ಹುಡುಗ ಈಗಷ್ಟೇ ಮಲಗಿದಾನೆ."

"ಬೇಡಮ್ಮ. ಕ್ಷಮೆ ಕೇಳೋಕೆ ಬಂದೆ. ನನ್ನ ಮಗಳು..."

"ನಿಮ್ಮ ಮಗಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಬಾಯಿ ಬಿಟ್ಟದ್ದು ಯಾಕೆ ಅಂತ ಅಮೋಸ್ ಹೇಳಿದ. ಅವಳೇ ಅವನಿಗೆ ಫೋನ್ ಮಾಡಿ ಹೇಳಿದಾಳೆ. ಸಮಿತಿಗೆ ಚೀಟಿ ಬರೆಯೋದು ಬಿಡೋದು ಅವನಿಷ್ಟ. ಬರೀಬೇಡ ಅಂತ ನಾನು ಹೇಳಿದೀನಿ, ಅದನ್ನೂ ನಿಮ್ಮ ಹತ್ರ ಮುಚ್ಚಿಡಲ್ಲ."

ರೆನಾಟಾ ತಲೆ ಆಡಿಸಿದಳು. ಮೆಟ್ಟಿಲ ಮೇಲೆ ಉದುರಿಸಿದ ಉಪ್ಪು ಅವಳ ಬೂಟಿನಡಿಯಲ್ಲಿ ಕರಕರ ಅಂದಿತು.

"ಮೂರು ವರ್ಷದಿಂದ ನಾನು ದಿನಾ ಬೆಳಗ್ಗೆ ಆ ಕಾರ್ಯಕ್ರಮ ಕೇಳ್ತೀನಿ," ಎಂದಳು ಓಪಲ್. "ಇಷ್ಟ ಅಂತ ಅಲ್ಲ. ಹುಡುಗ ಮನೆಯಿಂದ ಹೊರಗೆ ಕಾಲಿಡೋ ಮುಂಚೆ ಇವತ್ತು ಊರು ಅವನನ್ನ ಏನಂತ ಕರೆಯುತ್ತೆ ಅಂತ ನನಗೆ ಗೊತ್ತಿರಬೇಕಲ್ಲ? ಅವನಿಗೆ ಅಮೋಸ್ ಅಂತ ಹೆಸರಿಟ್ಟದ್ದು ನಾನು. ಬೈಬಲ್ ತೆಗೆದು, ಮಂಡಿಯೂರಿ, ಪ್ರಾರ್ಥನೆ ಮಾಡಿ ಇಟ್ಟೆ. ನಿಮ್ಮಪ್ಪ ಅಡುಗೆಮನೆಯಲ್ಲಿ ಕೂತು ಅದನ್ನ ಕಿತ್ತುಕೊಂಡು ಹೋದ್ರು."

"ಅಪ್ಪನ್ನ ಕರ್ಕೊಂಡು ಬರ್ತೀನಿ. ನಿಮ್ಮ ಮುಂದೆ..."

"ನನ್ನ ಬಾಗಿಲಿಗೆ ತರಬೇಡಿ. ಇಲ್ಲಿ ಗುಟ್ಟಾಗಿ ಹೇಳಿ ಹೋದರೆ ಯಾರಿಗೆ ಗೊತ್ತಾಗುತ್ತೆ? ಎಲ್ಲಿಂದ ತಗೊಂಡ್ರೋ ಅಲ್ಲೇ ವಾಪಸ್ ಇಡಲಿ." ಅವಳು ಬಾಗಿಲ ಹಿಡಿಗೆ ಕೈ ಹಾಕಿದಳು. "ಕೊನೇ ಬಸ್ಸು ಆರೂವರೆಗೆ. ಆ ಮೂಲೇಲಿ ನಿಲ್ಲಿ, ಈ ಮೂಲೇಲಿ ನಿಂತರೆ ಚಾಲಕನಿಗೆ ಕಾಣಲ್ಲ."

ಮನೆಗೆ ಬಂದು ರೆನಾಟಾ ಅದನ್ನೆಲ್ಲ ಅಪ್ಪನಿಗೆ ಒಂದಕ್ಷರ ಬಿಡದೆ ಹೇಳಿದಳು.

"ವಾಪಸ್ ತಗೊಳ್ಳೋದಾ?" ಬ್ರೂನೋ ಕುರ್ಚಿಯಿಂದ ಅರ್ಧ ಎದ್ದ. "ರೇಡಿಯೋದಲ್ಲಾ? ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಮಾತು ವಾಪಸ್ ತಗೊಂಡವನಲ್ಲ. ಡಾಮ್ ಎದುರಿಗಾ? ಊರೆಲ್ಲ ನಗುತ್ತೆ!"

"ಟೆಸ್ಸಾಗೋಸ್ಕರ ಅಪ್ಪ. ಹದಿನೆಂಟನೇ ತಾರೀಕಿನ ಒಳಗೆ. ಆ ಅಜ್ಜಿ ಮನಸ್ಸು ಕರಗಿದ್ರೆ ಹುಡುಗ ಬರೀತಾನೆ."

"ಅಂದ್ರೆ ಲಂಚ ಕೊಡು ಅಂತಿದೀಯಾ?"

"ಹಾಗಂತ ಅಂದುಕೋ."

"ನಾನು ಆಟದ ಬಗ್ಗೆ ಅಭಿಪ್ರಾಯ ಹೇಳಿದೆ. ಆಟಗಾರನಿಗೆ ಚರ್ಮ ದಪ್ಪ ಇರಬೇಕು. ಅಷ್ಟೇ ನನ್ನ ವಾದ."

"ಮಾವ," ಆರ್ನಿ ತಟ್ಟೆಯಿಂದ ತಲೆ ಎತ್ತದೆ ಅಂದ, "ನಿಮ್ಮ ಬಗ್ಗೆ ಯಾರಾದ್ರೂ ಒಂದು ದಿನ ಹಾಗೆ ಅಂದಿದ್ರೆ ನೀವು ಕಾರ್ಖಾನೆಯಲ್ಲಿ ಅವನ ಹಲ್ಲು ಉದುರಿಸ್ತಿದ್ರಿ."

"ಉದುರಿಸ್ತಿದ್ದೆ!" ಎಂದ ಬ್ರೂನೋ ಹೆಮ್ಮೆಯಿಂದ.

ಆ ಎರಡು ವಾರ ಆ ಮನೆಯಲ್ಲಿ ನಾಲ್ವರೂ ನಾಲ್ಕು ಹೊತ್ತಿನಲ್ಲಿ ಉಂಡರು. ಟೆಸ್ಸಾ ತಾತನ ಬಟ್ಟೆ ಒಗೆಯುವುದನ್ನು ಬಿಟ್ಟಳು. ರೆನಾಟಾ ಒಗೆದು, ಮಡಚದೆ, ಅವನ ಮಂಚದ ಮೇಲೆ ಗುಡ್ಡೆ ಹಾಕಿದಳು. ಬ್ರೂನೋ ಮಾತ್ರ ಬೆಳಗ್ಗೆ ಏಳಕ್ಕೆ ಫೋನ್ ಹಿಡಿಯುವುದನ್ನು ಬಿಡಲಿಲ್ಲ. ಫುಟ್‌ಬಾಲ್ ತಂಡದ ಮಾಲೀಕನನ್ನು ಬೈದ, ಕೋಚನ್ನು ಬೈದ, ಮೈದಾನದ ಹುಲ್ಲನ್ನು ಬೈದ. ಸೇಂಟ್ ಫ್ಲೋರಿಯನ್ನಿನ ಹೆಸರೆತ್ತಲಿಲ್ಲ. ಅಷ್ಟೇ ಸಾಕೆಂದು ಅವನ ಲೆಕ್ಕ.

ಹದಿನೆಂಟರಂದು ಸಮಿತಿ ಕೂತಿತು. ಅಮೋಸ್ ಚೀಟಿ ಬರೆದಿರಲಿಲ್ಲ, ದೂರನ್ನೂ ಬರೆದಿರಲಿಲ್ಲ. ಟೆಸ್ಸಾ ಅರ್ಧ ಗಂಟೆಯಲ್ಲಿ ಹೊರಬಂದಳು. ಈ ವರ್ಷದ ತಾಸುಗಳು ರದ್ದು. ಮುಂದಿನ ಶರತ್ಕಾಲದಲ್ಲಿ ಮೊದಲಿನಿಂದ ಮಾಡಬೇಕು. ಮೇ ತಿಂಗಳ ಪದವಿ ಇಲ್ಲ, ಪದವಿಯಿಲ್ಲದೆ ಫುಟ್‌ಬಾಲ್ ತಂಡದ ಆ ಜಾಗವೂ ಇಲ್ಲ. ಟೇಪು ಅಂಟಿಸಿದ ಕಾಗದವನ್ನು ಅವಳೇ ಒಲೆಗೆ ಹಾಕಿದಳು. ಬ್ರೂನೋ ನೋಡುತ್ತಿದ್ದ.

"ಇನ್ನೊಂದು ವರ್ಷ ತಾನೇ," ಎಂದ.

ಟೆಸ್ಸಾ ಮರುದಿನದಿಂದ ಕ್ರಿಸ್‌ಮಸ್ ಮುಗಿಯುವ ತನಕ ಎಂದು ಮಾಲ್ ಒಂದರಲ್ಲಿ ಉಡುಗೊರೆಗಳಿಗೆ ಕಾಗದ ಸುತ್ತುವ ಕೆಲಸಕ್ಕೆ ಸೇರಿದಳು.

ಊರಿನಲ್ಲಿ ಮಾತು ಎಷ್ಟು ದಿನ ಮುಚ್ಚಿದ್ದೀತು? ಶುಕ್ರವಾರ ಸಂಜೆ ಚರ್ಚಿನ ಸಭಾಭವನದಲ್ಲಿ ಹುರಿದ ಮೀನಿನೂಟ, ಅಲ್ಲಿಂದ ಕ್ಷೌರದಂಗಡಿ, ಅಲ್ಲಿಂದ ವೆಸ್ಟ್ ಸೈಡಿಗೆ. ಸೋಮವಾರ ಬೆಳಗ್ಗೆ ಬ್ರೂನೋ ಸರದಿಗಾಗಿ ಫೋನ್ ಹಿಡಿದು ನಿಂತಿದ್ದ, ಟೆಸ್ಸಾ ಕೆಲಸಕ್ಕೆ ಹೊರಡುವ ಮುಂಚೆ ನಿಂತೇ ಕಾಫಿ ಕುಡಿಯುತ್ತಿದ್ದಳು, ರೇಡಿಯೋದ ದನಿ ಇನ್ನೂ ದೊಡ್ಡದಾಗಿತ್ತು. ಅದರಲ್ಲಿ ಡಾಮ್ ಬಂದ.

"ಸ್ಕಿಪ್, ನಮ್ಮ ಬ್ರೂನೋ ಮನೇಲಿ ಒಂದು ನಲ್ಲಿ ಇದೆಯಂತೆ, ಗೊತ್ತಾ? ಸೋರೋ ನಲ್ಲಿ! ಸೇಂಟ್ ಫ್ಲೋರಿಯನ್ನಿನವರು ಅದನ್ನ ಕಿತ್ತು ಹೊರಗೆ ಹಾಕಿದ್ರಂತೆ. ಯಾರಾದ್ರೂ ಪ್ಲಂಬರ್ ಕಳಿಸ್ರಯ್ಯಾ ಕ್ಲಿಂಟನ್ ಬೀದಿಗೆ!"

ಸ್ಕಿಪ್ ನಕ್ಕ. ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದನ್ನು ಎಲ್ಲಿಂದಲೋ ಹುಡುಕಿ ಹಾಕಿದ. ಟಪ್, ಟಪ್, ಟಪ್. ಇಬ್ಬರೂ ಇನ್ನೂ ಜೋರಾಗಿ ನಕ್ಕರು.

ಟೆಸ್ಸಾ ಕಾಫಿಯನ್ನು ತೊಟ್ಟಿಗೆ ಸುರಿದು, ಲೋಟ ತೊಳೆದು, ಒರೆಸಿ, ಕಪಾಟಿನಲ್ಲಿಟ್ಟು ಹೊರಟುಹೋದಳು. ಬಾಗಿಲನ್ನು ಬಡಿಯಲಿಲ್ಲ.

ರೆನಾಟಾ ಅಪ್ಪನನ್ನು ನೋಡಿದಳು. ಅವನ ಕತ್ತಿನ ನರ ಉಬ್ಬಿತ್ತು. ಫೋನಿನಲ್ಲಿ ಯಾರೋ "ಬ್ರೂನೋ, ಮುಂದಿನವರು ನೀವೇ, ಇದೀರಾ?" ಅನ್ನುತ್ತಿದ್ದರು. ಅವನು ಬಾಯಿ ತೆರೆದ. ಫೋನ್ ಇಟ್ಟುಬಿಟ್ಟ.

ಕ್ರಿಸ್‌ಮಸ್ ಹಿಂದಿನ ಸಂಜೆ ಮೊದಲ ನಕ್ಷತ್ರ ಕಂಡ ಮೇಲೆ ಅವರ ಮನೆತನಗಳಲ್ಲಿ ಊಟಕ್ಕೆ ಕೂರುವುದು. ಕೂರುವ ಮುಂಚೆ ಅಕ್ಕಿ ಹಪ್ಪಳದಷ್ಟು ತೆಳ್ಳಗಿನ, ಯೇಸುವಿನ ಚಿತ್ರ ಒತ್ತಿದ ಬಿಳಿ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಒಬ್ಬರದ್ದರಿಂದ ಒಬ್ಬರು ಚೂರು ಮುರಿದು ತಿಂದು, ವರ್ಷದ ತಪ್ಪು ಮನ್ನಿಸಿ ಎನ್ನಬೇಕು. ರೆನಾಟಾ ಬೀಟ್‌ರೂಟಿನ ಸಾರು, ಮೀನು, ಅಣಬೆಯ ಪಿರೋಗಿ ಎಲ್ಲ ಮಾಡಿದ್ದಳು. ಟೆಸ್ಸಾ ಅಮ್ಮನದನ್ನು ಮುರಿದಳು, ಅಪ್ಪನದನ್ನು ಮುರಿದಳು. ಬ್ರೂನೋ ತನ್ನದನ್ನು ಎರಡು ಕೈಯಲ್ಲಿ 'ತಗೋ' ಎಂಬ ಹಾಗೆ ಮುಂದೆ ಹಿಡಿದ. ಅವಳು ಆ ರೊಟ್ಟಿಯನ್ನು ನೋಡಿದಳು.

"ನನಗೆ ಸುಳ್ಳು ಹೇಳೋಕೆ ಬರಲ್ಲ," ಎಂದಳು. "ಇವತ್ತಂತೂ ಬೇಡ."

ಸಾರು ಆರುತ್ತಿತ್ತು. "ಕೂತ್ಕೊಳ್ಳಿ," ಎಂದಳು ರೆನಾಟಾ. ಕೂತರು.

ಹಬ್ಬದ ಮಾರನೆಯ ದಿನದ ಮಾರನೆಯ ದಿನ ರೇಡಿಯೋದಲ್ಲಿ ಮತ್ತೆ ಆ ಕಾರ್ಯಕ್ರಮ ಶುರುವಾಯಿತು. ರೆನಾಟಾ ಅಡುಗೆಮನೆಗೆ ಬಂದಾಗ ಏಳಾಗಿರಲಿಲ್ಲ. ಅಪ್ಪ ಆಗಲೇ ಮುಖ ಕ್ಷೌರ ಮಾಡಿಕೊಂಡು, ಚರ್ಚಿಗೆ ಹಾಕುವ ಅಂಗಿ ತೊಟ್ಟು ಫೋನಿನ ಪಕ್ಕ ನಿಂತಿದ್ದ. ಡಾಮ್‌ನ ಗತಿ ಇವತ್ತು ಮುಗೀತು ಎಂದುಕೊಂಡಳು. ಬೇಡವೆನ್ನಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಮೊಟ್ಟೆ ಒಡೆದಳು. ಆರ್ನಿ ಪತ್ರಿಕೆ ತಿರುವುತ್ತಿದ್ದ. ಟೆಸ್ಸಾ ಮಹಡಿಯ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದಳು.

ನಲವತ್ತು ನಿಮಿಷ ಅವನು ಸರದಿಗಾಗಿ ನಿಂತ. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ಕೊನೆಗೆ ತಾನೇ ಕೈ ಚಾಚಿ ರೇಡಿಯೋ ಸಣ್ಣ ಮಾಡಿದ.

"ಬಂದ್ರಪ್ಪಾ ಬ್ರೂನೋ!" ಸ್ಕಿಪ್‌ನ ದನಿ ಫೋನಿನಿಂದ ಸಣ್ಣಗೆ ಕೇಳಿತು. "ಡಾಮ್ ಹೇಳಿದ್ದು ಕೇಳಿದ್ರಾ? ಊರೆಲ್ಲ ಕಾಯ್ತಾ ಇದೆ. ಇವತ್ತು ಯಾರ ಚರ್ಮ ಸುಲೀತೀರಾ?"

"ಯಾರದ್ದೂ ಇಲ್ಲ," ಎಂದ ಬ್ರೂನೋ. ದನಿ ಎಷ್ಟು ಇಳಿದಿತ್ತೆಂದರೆ ಆರ್ನಿ ಪತ್ರಿಕೆ ಮಡಚಿದ.

"ಏನು? ಕೇಳಿಸ್ತಿಲ್ಲ ಬ್ರೂನೋ, ಸ್ವಲ್ಪ ಜೋರಾಗಿ..."

"ಕೇಳಿಸುತ್ತೆ. ಸುಮ್ನಿರು ಸ್ಕಿಪ್, ನಗಬೇಡ. ಸೇಂಟ್ ಫ್ಲೋರಿಯನ್ನಿನಲ್ಲಿ ಆಡೋ ಹುಡುಗನಿಗೆ ಮೂರು ವರ್ಷದ ಹಿಂದೆ ನಾನು ಒಂದು ಹೆಸರಿಟ್ಟೆ. ಇಡೋಕೆ ನಾನು ಯಾರೂ ಅಲ್ಲ. ಅವನಿಗೆ ಅವನ ಅಜ್ಜಿ ಇಟ್ಟ ಹೆಸರಿದೆ. ಅಮೋಸ್ ಗ್ಯಾಡ್ಸ್‌ಡೆನ್. ಮೈಗಳ್ಳ ಅಂದೆ. ಅವನು ಮೈಗಳ್ಳ ಅಲ್ಲ. ಅವನ ಮಂಡಿ ವಿಷಯ ಹೇಳೋ ಹಕ್ಕು ನನಗಿರಲಿಲ್ಲ, ಹೇಳಿದೆ. ಅವನು ಬಿದ್ದ." ಅವನು ಉಸಿರು ಎಳೆದುಕೊಂಡ. "ಅಮ್ಮಾ, ನೀವು ಕೇಳ್ತಾ ಇದ್ರೆ. ಎಲ್ಲಿಂದ ತಗೊಂಡಿದ್ನೋ ಅಲ್ಲೇ ಇಡ್ತಾ ಇದೀನಿ."

ಆ ಕಡೆ ಸ್ಕಿಪ್ ಏನೋ ತೊದಲಿದ. ಬ್ರೂನೋ ಕಾಯಲಿಲ್ಲ. ಫೋನನ್ನು ಎರಡೂ ಕೈಯಿಂದ ಹಿಡಿದು, ಸದ್ದಾಗದ ಹಾಗೆ, ಗೋಡೆಯ ಕೊಕ್ಕೆಗೆ ಸಿಕ್ಕಿಸಿದ.